ಮಾಲೀಕನಿಗೂ ಬಾಗಿಲು ಹಾಕಿದ ಇರ್ಯಾ

ಇರ್ಯಾ ಕೋವಲಾ ತನ್ನ ಅರ್ಧ ಆಯುಷ್ಯವನ್ನು ಕೆನಡಾದ ಥಂಡರ್ ಬೇ ಊರಿನ ರೈಲು ಯಾರ್ಡಿನ ಗಾಜಿನ ಕೋಣೆಯಲ್ಲಿ ಕಳೆದವಳು. ಯಾವ ಗಾಡಿ ಯಾವ ಹಳಿಗೆ ಬರಬೇಕು, ರಿಪೇರಿಯವರು ಯಾವಾಗ ಕೆಳಗಿಳಿಯಬಹುದು ಎಂದು ರೇಡಿಯೋದಲ್ಲಿ ಅಪ್ಪಣೆ ಕೊಡುವುದು ಅವಳ ಕೆಲಸ. ಅವಳ ಬಾಯಿಂದ ‘ಹೂಂ’ ಬರುವವರೆಗೆ ಹಳಿಯ ಮೇಲೆ ಯಾರೂ ಕಾಲಿಡುವಂತಿರಲಿಲ್ಲ. ಒಮ್ಮೆ ಟೊರಾಂಟೋದಿಂದ ಬಂದ ದೊಡ್ಡ ಅಧಿಕಾರಿಯೊಬ್ಬ ಹಳಿ ದಾಟಿ ಹೋಗಬೇಕೆಂದು ಹಟ ಹಿಡಿದು, “ನಾನು ಯಾರು ಅಂತ ಗೊತ್ತೇನಮ್ಮಾ?” ಎಂದು ಗುಡುಗಿದನಂತೆ.

“ನನಗೆ ಗೊತ್ತು ಸಾರ್. ಬರ್ತಿರೋ ಇಂಜಿನ್‌ಗೆ ಗೊತ್ತಿಲ್ಲವಲ್ಲ!” ಎಂದಳಂತೆ ಇರ್ಯಾ.

ಆ ಮಾತು ಊರೆಲ್ಲ ಸುತ್ತಾಡಿ ಮರ್ವ್ ಡೆರ್ಕಾಚ್‌ನ ಕಿವಿಗೂ ಬಿದ್ದಿತ್ತು. ಮರ್ವ್ ಉಕ್ರೇನಿಯನ್ನರ ಮನೆತನದವನು. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಧಾನ್ಯದ ಗೋದಾಮುಗಳಲ್ಲಿ ಲಾರಿಗಳನ್ನು ತೂಗುವ ಕಾಟಾಗಳಿಗೆ ಬೇಕಾದ ತಂತ್ರಾಂಶ ಬರೆದು ಕಂಪನಿ ಕಟ್ಟಿದವನು. ಯಾರ್ಡಿನ ಕಚೇರಿಯನ್ನು ವಿನಿಪೆಗ್‌ಗೆ ಸಾಗಿಸಿದಾಗ ಇರ್ಯಾ ಊರು ಬಿಡಲು ಒಪ್ಪದೆ ಕಾಲೇಜು ಸೇರಿ ಕಂಪ್ಯೂಟರ್ ಕಲಿತಳು. ಕೋರ್ಸ್ ಮುಗಿಯುತ್ತಿದ್ದಂತೆ ಮರ್ವ್ ಅವಳನ್ನು ಕರೆಸಿಕೊಂಡ.

“ನಮ್ಮ ಕೋಡೆಲ್ಲ ಒಂದೇ ಭಂಡಾರದಲ್ಲಿದೆ. ಯಾರು ಬೇಕಾದ್ರೂ ಒಳಗೆ ಹೋಗ್ತಾರೆ, ಏನು ಬೇಕಾದ್ರೂ ಬದಲಾಯಿಸ್ತಾರೆ. ಯಾರಿಗೆ ಎಷ್ಟು ಹಕ್ಕು ಅಂತ ನೋಡ್ಕೊಳ್ಳೋಕೆ ನಿನ್ನಂಥ ಗಟ್ಟಿಗಿತ್ತಿ ಬೇಕು” ಎಂದ.

ಮೊದಲ ವಾರ ಭಂಡಾರವನ್ನು ಜಾಲಾಡಿದ ಇರ್ಯಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸ ಬಿಟ್ಟು ಮೀನುಗಾರರ ವಸತಿ ನಡೆಸುತ್ತಿದ್ದವನಿಗೆ ಇನ್ನೂ ಯಜಮಾನಿಕೆಯ ಹಕ್ಕಿತ್ತು. ಮರ್ವ್‌ನ ಮಾಜಿ ಭಾವಮೈದ ಎದುರಾಳಿ ಕಂಪನಿ ಸೇರಿದ್ದ, ಅವನಿಗೂ ಇತ್ತು. ತೀರಿಹೋಗಿ ಎರಡು ಚಳಿಗಾಲ ಕಳೆದಿದ್ದ ಗುಮಾಸ್ತನಿಗೂ ಇತ್ತು. ಅವಳು ಅಂಥವರನ್ನೆಲ್ಲ ಕಿತ್ತು ಹಾಕಿ, ಉಳಿದವರನ್ನು ಮೂರು ಗುಂಪು ಮಾಡಿದಳು: ಬರೀ ಓದುವವರು, ಬರೆಯುವವರು, ಬರೆದದ್ದನ್ನು ಒಪ್ಪಿ ಮುಖ್ಯ ಕೋಡಿಗೆ ಸೇರಿಸುವವರು.

ಗೊಣಗಾಟವೇನೂ ಕಡಿಮೆ ಇರಲಿಲ್ಲ. ಹೊಸದಾಗಿ ಸೇರಿದ್ದ ಡೆವ್ಲಿನ್ ಎಂಬುವನು ಎದೆಯುಬ್ಬಿಸಿಕೊಂಡು ಬಂದ.

“ಹಿಂದಿನ ಕಂಪನೀಲಿ ನನಗೆ ಪೂರ್ತಿ ಯಜಮಾನಿಕೆ ಕೊಟ್ಟಿದ್ರು.”

“ಹೌದಾ? ಈಗ ಆ ಕಂಪನಿ ಹೇಗಿದೆ?”

ಡೆವ್ಲಿನ್ ತಲೆ ಕೆರೆದುಕೊಂಡ. “ಮುಚ್ಚಿಹೋಯ್ತು.”

“ಸರಿ, ನಿನಗೆ ಬರೆಯೋ ಹಕ್ಕು ಸಾಕು. ಹೋಗಿ ಕೆಲಸ ಮಾಡು ಕಂದಾ.”

ಅಂದಿನಿಂದ ಹುಡುಗರು ಅವಳನ್ನು ‘ಮುಮ್ಮು’ ಅನ್ನತೊಡಗಿದರು. ಇರ್ಯಾಳ ಮನೆಯಂಥ ಫಿನ್ನಿಷ್ ಮನೆಗಳಲ್ಲಿ ಮಕ್ಕಳು ಅಜ್ಜಿಯನ್ನು ಕರೆಯುವುದೇ ಹಾಗೆ. ಇರ್ಯಾ ಬೇಡವೆನ್ನಲಿಲ್ಲ.

ಈ ಕಟ್ಟುಪಾಡಿನಿಂದ ಹೊರಗುಳಿದವನು ಒಬ್ಬನೇ, ಮರ್ವ್. ಕಂಪನಿಯ ಮೊದಲ ಸಾಲು ಬರೆದವನು ತಾನು, ತನಗೆಂಥ ತಪಾಸಣೆ ಎಂಬುದು ಅವನ ಠೀವಿ. ಅನ್ನಿಸಿದಾಗ ಕೂತು, ಯಾರಿಗೂ ತೋರಿಸದೆ, ನೇರ ಮುಖ್ಯ ಕೋಡಿಗೇ ಕೈ ಹಾಕುತ್ತಿದ್ದ. ಇರ್ಯಾ ಹಲವು ಬಾರಿ ಹೇಳಿ ನೋಡಿದ್ದಳು. ಅವನು ಮೀಸೆಯಲ್ಲೇ ನಗುತ್ತಿದ್ದ.

ಕೊನೆಗೆ ಅದು ಸುಗ್ಗಿಯ ಕಾಲಕ್ಕೇ ಕೈಕೊಟ್ಟಿತು. ಮ್ಯಾನಿಟೋಬಾದ ಒಂದು ಗೋದಾಮಿನಲ್ಲಿ ಗೋಧಿ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕಾಟಾದ ಕಂಪ್ಯೂಟರ್ ಮಾತ್ರ ಪ್ರತಿ ಲಾರಿಯ ತೂಕದಲ್ಲಿ ಅದರದೇ ಖಾಲಿ ತೂಕದ ಬದಲು ಅದಕ್ಕೆ ಮುಂಚೆ ತೂಗಿದ ಲಾರಿಯ ಖಾಲಿ ತೂಕವನ್ನು ಕಳೆಯುತ್ತಿತ್ತು. ದೊಡ್ಡ ಲಾರಿಯ ಹಿಂದೆ ಬಂದ ಸಣ್ಣ ಲಾರಿಯವನ ಗೋಧಿ ಅರ್ಧಕ್ಕರ್ಧ ಮಾಯ! ರೈತರು ಲಾರಿಯಿಂದಿಳಿದು ಗೋದಾಮಿನವನ ಮೈಮೇಲೇ ಬಿದ್ದರು. ಗೋದಾಮಿನವನು ಫೋನಿನಲ್ಲಿ ಇರ್ಯಾಳ ಕಚೇರಿಯವರ ಮೈಮೇಲೆ ಬಿದ್ದ. ಹುಡುಕಿ ನೋಡಿದರೆ ಹಿಂದಿನ ದಿನ ಮರ್ವ್ ಮಾಡಿದ ‘ಒಂದು ಸಣ್ಣ ಬದಲಾವಣೆ’. ಅದನ್ನು ಹಿಂತೆಗೆದು, ತೂಕಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ಕೊಡುವಷ್ಟರಲ್ಲಿ ಎಲ್ಲರೂ ಹೈರಾಣಾದರು.

ಗಲಾಟೆ ತಣ್ಣಗಾದ ಮೇಲೆ ಇರ್ಯಾ ಅವನ ಕೋಣೆಯ ಬಾಗಿಲಲ್ಲಿ ನಿಂತಳು.

“ಮರ್ವ್, ನಾಳೆ ಬೆಳಿಗ್ಗೆ ನಿನ್ನ ಹಕ್ಕು ಇಳಿಸ್ತೀನಿ. ಮೊದಲೇ ಹೇಳ್ತಿದ್ದೀನಿ.”

“ಇಳಿಸು ಇಳಿಸು. ಜೊತೆಗೆ ನನ್ನ ಕುರ್ಚೀನೂ ಒಯ್ಯಿ” ಎಂದು ನಕ್ಕ ಮರ್ವ್. ತಮಾಷೆ ಅಂದುಕೊಂಡಿದ್ದ.

ಮರುದಿನ ಬೆಳಿಗ್ಗೆ ಏನೋ ತಿದ್ದಲು ಕೂತವನಿಗೆ ‘ನಿಮಗೆ ಅನುಮತಿಯಿಲ್ಲ’ ಎಂಬ ಕೆಂಪು ಸಾಲು ಕಂಡಿತು. ಅವನ ಹೆಜ್ಜೆಯ ಸದ್ದಿಗೇ ಕಚೇರಿಯವರೆಲ್ಲ ತಲೆ ತಗ್ಗಿಸಿ ಕೀಬೋರ್ಡ್ ಕುಟ್ಟತೊಡಗಿದರು.

“ಏನೇ ಇದು! ನಾನು ಕಟ್ಟಿದ ಮನೆಯಿಂದ ನನ್ನನ್ನೇ ಹೊರಗಿಟ್ಟಿದ್ದೀಯಾ?”

“ಹೊರಗಿಟ್ಟಿಲ್ಲ. ಎಲ್ಲರ ಜೊತೆ ಸಾಲಲ್ಲಿ ನಿಲ್ಲಿಸಿದ್ದೀನಿ” ಎಂದಳು ಇರ್ಯಾ, ಕಾಫಿ ಲೋಟ ಕೆಳಗಿಡದೆ. “ನೀನು ಬರೀಬಹುದು. ಇನ್ನೊಬ್ಬರು ನೋಡಿ ಒಪ್ಪಿದ್ರೆ ಮುಖ್ಯ ಕೋಡಿಗೆ ಸೇರುತ್ತೆ.”

“ಮತ್ತೆ ನೀನು? ನಿನಗೆ ಮಾತ್ರ ಎಲ್ಲಾ ಹಕ್ಕಾ?”

“ನನ್ನ ಬರೆಯೋ ಹಕ್ಕನ್ನೂ ತೆಗೆದಿದ್ದೀನಿ. ಜನರ ಹಕ್ಕು ಬದಲಾಯಿಸೋದಷ್ಟೇ ನನ್ನ ಕೈಲಿರೋದು. ಯಾರ ಹಕ್ಕು ಏರಿಸಿದ್ರೂ ಆ ಕ್ಷಣವೇ ಎಲ್ಲರಿಗೂ ಸಂದೇಶ ಹೋಗುತ್ತೆ, ನಿನಗೂ. ನಾನು ಕಳ್ಳತನ ಮಾಡಿದ್ರೆ ನೀನು ಹಿಡಿ.”

“ನಿನ್ನನ್ನ ಈಗಲೇ ಕೆಲಸದಿಂದ ತೆಗೀಬಲ್ಲೆ, ಗೊತ್ತಾ?”

“ಗೊತ್ತು. ಆ ಹಕ್ಕನ್ನ ನಾನು ಮುಟ್ಟಿಲ್ಲ, ನಿನ್ನ ಹತ್ರಾನೇ ಇದೆ.”

ಮೂಲೆಯಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮರ್ವ್ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡ. ಆ ವಾರವಿಡೀ ಅವಳ ಹತ್ತಿರ ಮಾತಿಲ್ಲ. ಎದುರು ಸಿಕ್ಕರೆ ಗೋಡೆ ನೋಡಿಕೊಂಡು ದಾಟುತ್ತಿದ್ದ. ಇರ್ಯಾ ಎಂದಿನಂತೆ ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ ತಂದು ಎಲ್ಲರಿಗೂ ಹಂಚಿದಳು, ಅವನ ಮೇಜಿನ ಮೇಲೂ ಒಂದು ತುಂಡು ಇಟ್ಟಳು. ತಟ್ಟೆ ಖಾಲಿಯಾಗಿ ವಾಪಸ್ ಬಂತು. ಅಷ್ಟರಿಂದಲೇ ಅವಳಿಗೆ ಧೈರ್ಯ. ಮುನಿಸು ಹೊಟ್ಟೆಯವರೆಗೆ ಇಳಿದಿಲ್ಲ ಅಂದುಕೊಂಡಳು.

ಕೊನೆಗೂ ಮರ್ವ್ ಏನೋ ಬರೆದು ತಪಾಸಣೆಗೆ ಕಳಿಸಿದ. ಸರದಿಯ ಪ್ರಕಾರ ಅದು ಮಹನಾಜ್‌ಳ ಪಾಲಿಗೆ ಬಂತು. ಇರಾನಿನಿಂದ ಬಂದ ಮಹನಾಜ್ ಕೆಲಸದಲ್ಲಿ ಚುರುಕು. ಆದರೆ ಮರ್ವ್ ಎದುರು ಬಂದರೆ ದಾರಿ ಬಿಟ್ಟು ನಿಲ್ಲುವವಳು. ಓದಿ ನೋಡಿ ಇರ್ಯಾಳ ಹತ್ತಿರ ಓಡಿಬಂದಳು.

“ಮುಮ್ಮು, ಇದರಲ್ಲಿ ತಪ್ಪಿದೆ. ಕರೆಂಟ್ ಹೋಗಿ ಬಂದ್ರೆ ಕಾಟಾ ಹಳೇ ತೂಕವನ್ನೇ ಹಿಡ್ಕೊಂಡಿರುತ್ತೆ. ಏನು ಮಾಡ್ಲಿ?”

“ತಪ್ಪಿದೆ ಅಂತ ಬರಿ.”

“ಅವರು ಮಾಲೀಕರು!”

“ಸಂಬಳ ಕೊಡುವಾಗ ಮಾಲೀಕ. ಇಲ್ಲಿ ಅವನೂ ಒಬ್ಬ ಬರೆಯುವವ. ನೀನು ಒಪ್ಪದೆ ಅದು ಒಳಗೆ ಹೋಗಲ್ಲ. ಆ ಹಕ್ಕು ಕೊಟ್ಟಿರೋದು ಅಂದಕ್ಕಲ್ಲ ಕಣಮ್ಮಾ.”

ಮಹನಾಜ್ ಬರೆದಳು. ಎರಡೇ ಸಾಲು, ವಿನಯದಿಂದ, ಆದರೆ ನೇರವಾಗಿ. ಸ್ವಲ್ಪ ಹೊತ್ತಿಗೆ ಮರ್ವ್ ಹೊರಗೆ ಬಂದ. ಕೈಯಲ್ಲಿ ಗುಲಾಬಿ ಬಣ್ಣದ ಸಿಹಿ ಮೆತ್ತಿದ ‘ಪರ್ಷಿಯನ್’ ಬನ್ನುಗಳ ಡಬ್ಬಿ. ಈ ಊರಿನವರಿಗೆ ಅದಿಲ್ಲದೆ ಸಂಧಾನವಿಲ್ಲ. ಮಹನಾಜ್‌ಳ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತ.

“ತಗೋ ತಾಯಿ. ನಿಮ್ಮ ದೇಶದ್ದೇ.”

“ನಮ್ಮ ದೇಶದಲ್ಲಿ ಇದನ್ನ ಯಾರೂ ಕಣ್ಣಲ್ಲೂ ಕಂಡಿಲ್ಲ ಸಾರ್” ಎಂದಳು ಮಹನಾಜ್, ಅಳುಕುತ್ತಲೇ.

ಮರ್ವ್ ಗಹಗಹಿಸಿ ನಕ್ಕ. ಆಮೇಲೆ ಇಬ್ಬರೂ ಪರದೆಗೆ ಮುಖ ಹಚ್ಚಿ ವಾದಕ್ಕಿಳಿದರು. “ಕರೆಂಟ್ ಎಲ್ಲಿ ಹೋಗುತ್ತೆ?” ಎಂದ ಅವನು. “ಗೋದಾಮಿನವರನ್ನೇ ಕೇಳಿ” ಎಂದಳು ಅವಳು. ಫೋನ್ ಮಾಡಿ ಕೇಳಿದರೆ ಗಾಳಿ ಬೀಸಿದಾಗೆಲ್ಲ ಹೋಗುತ್ತದೆಂದರು. ಮರ್ವ್ ಮೀಸೆ ತಿಕ್ಕಿಕೊಂಡು ತಾನೇ ತಿದ್ದಿದ. ಮಹನಾಜ್ ಒಪ್ಪಿಗೆ ಒತ್ತಿದಳು. ಇರ್ಯಾ ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಆದರೆ ಕಿವಿ ಅತ್ತಲೇ ಇದ್ದುದರಿಂದ ಆ ದಿನ ಅವಳ ಕಾಫಿ ಆರಿ ತಣ್ಣಗಾಗಿತ್ತು.

ಬರುಬರುತ್ತಾ ಮರ್ವ್‌ಗೆ ಈ ಜಗಳ ರುಚಿಸತೊಡಗಿತು. ಒಬ್ಬನೇ ಕೋಣೆಯೊಳಗೆ ಕೂತಿರುತ್ತಿದ್ದವನು ಈಗ ಹುಡುಗರ ನಡುವೆ ಕುರ್ಚಿ ಹಾಕಿಕೊಂಡ. ಡೆವ್ಲಿನ್ ಅವನ ಕೋಡಿನಲ್ಲಿ ತಪ್ಪು ಹುಡುಕಿದ ದಿನ ಇಡೀ ಕಚೇರಿಗೆ ಹೇಳಿಕೊಂಡು ತಿರುಗಿದವನು ಮರ್ವೇ.

ಕೆಲವು ವರ್ಷಗಳ ಮೇಲೆ ಮರ್ವ್ ಕಂಪನಿಯನ್ನು ಕೆಲಸಗಾರರ ಕೈಗೊಪ್ಪಿಸಿ ನಿವೃತ್ತನಾದ. ಕೊನೆಯ ದಿನ ಇರ್ಯಾಳ ಪಕ್ಕ ಬಂದು ನಿಂತ.

“ತೆಗಿ ಪಟ್ಟಿಯಿಂದ ನನ್ನ ಹೆಸರು. ನಾನೂ ನೋಡ್ತೀನಿ.”

ಅವಳು ಒಂದು ಗುಂಡಿ ಒತ್ತಿದಳು. ಹೆಸರು ಅಳಿಸಿಹೋಯಿತು.

“ಇಷ್ಟೇನಾ?”

“ಇಷ್ಟೇ. ನೀನು ಬರೆದದ್ದೆಲ್ಲ ಒಳಗೇ ಇದೆ. ಪ್ರತಿ ಸಾಲಿನ ಪಕ್ಕ ನಿನ್ನ ಹೆಸರೂ ಇದೆ, ಅದನ್ನ ಯಾರೂ ಅಳಿಸೋಕಾಗಲ್ಲ.”

ಮರ್ವ್ ಕರವಸ್ತ್ರ ತೆಗೆದು ಮೂಗೊರೆಸಿಕೊಂಡ.

ಮುಂದಿನ ಬೇಸಿಗೆಗೆ ಮುಂಚೆ ಇರ್ಯಾ ತನ್ನ ಅಧಿಕಾರವನ್ನೂ ಮಹನಾಜ್ ಮತ್ತು ಡೆವ್ಲಿನ್‌ಗೆ ಹಂಚಿದಳು. ಒಬ್ಬರು ಬದಲಾಯಿಸಿದ್ದನ್ನು ಇನ್ನೊಬ್ಬರು ಒಪ್ಪಬೇಕು, ಅಷ್ಟೇ ಕಟ್ಟಳೆ. ಆಮೇಲೆ ಸರೋವರದ ದಂಡೆಯಲ್ಲಿದ್ದ ತನ್ನ ಮರದ ಮನೆಗೆ ರಜೆ ಹಾಕಿ ಹೋದಳು. ಒಂದು ಸಂಜೆ ಮರ್ವ್ ತಾನು ಹಿಡಿದ ಮೀನು ತೂಗಾಡಿಸಿಕೊಂಡು ಬಂದ. ಉಗಿಸ್ನಾನದ ಸೌನಾ ಕೋಣೆಯಿಂದ ಹೊಗೆ ಏಳುತ್ತಿತ್ತು.

“ಫೋನ್ ಎಲ್ಲಿಟ್ಟೆ? ಅವರಿಗೆ ನೀನು ಬೇಕಾದ್ರೆ?”

“ಬೇಕಾಗಲ್ಲ. ಹಾಗೆ ಮಾಡೇ ಬಂದಿದ್ದೀನಿ” ಎಂದು ಇರ್ಯಾ ಮೀನನ್ನು ಅವನ ಕೈಯಿಂದ ತೆಗೆದುಕೊಂಡು, ಚಾಕು ಹುಡುಕಲು ಒಳಗೆ ಹೋದಳು.