ಹಂದಿಯ ಗಿಣ್ಣು

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಹಾರೋಹಳ್ಳಿ ಕಡೆಯ ಒಂದು ಸಂಶೋಧನಾ ಹಂದಿ ಫಾರ್ಮಿಗೆ ಸೇರಿಕೊಂಡೆ. ಮೂಗು ಮುರಿದ ನೆಂಟರಿಗೆಲ್ಲ ಒಂದೇ ಉತ್ತರ: ಕಿಡ್ನಿಗಾಗಿ ಕಾದು ಕಾದು ತೀರಿಕೊಂಡವರ ಹಾಸಿಗೆ ಬದಲಿಸಿದವಳು ನಾನು, ಮುಂದೆ ಹಂದಿಯ ಕಿಡ್ನಿಯಿಂದ ಯಾರಾದರೂ ಬದುಕುವುದಾದರೆ ನನಗೆ ಅಸಹ್ಯವಿಲ್ಲ.

ವೈರಸ್ ಸೋಂಕಿಲ್ಲದ ಹಂದಿಗಳನ್ನು ಬೆಳೆಸುವುದು ನಮ್ಮ ಕೆಲಸ. ಮರಿಗಳನ್ನು ಆಪರೇಷನ್ ಮಾಡಿ ತೆಗೆದು, ಸೋಂಕು ತಗಲದಿರಲೆಂದು ತಾಯಿಯ ಹತ್ತಿರ ಬಿಡದೆ, ಬೇರೆ ಕೋಣೆಯಲ್ಲಿ ಬಾಟಲಿ ಹಾಲು ಕೊಟ್ಟು ಸಾಕುತ್ತಿದ್ದೆವು. ರಕ್ತ ತೆಗೆಯುವುದು ನನ್ನ ಪಾಲು. ಕೈ ತೊಳೆಯದೆ ಒಳಗೆ ಬಂದರೆ ಮ್ಯಾನೇಜರನ್ನೂ ವಾಪಸ್ ಕಳಿಸುತ್ತಿದ್ದೆ.

ಒಮ್ಮೆ ಒಂದು ಮರಿಯ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು. ಅದು ವೈರಸ್ಸಿನ ವಿರುದ್ಧ ಮೈ ಹೋರಾಡಿದ ಗುರುತು. ವೈರಸ್ ಮಾತ್ರ ಸಿಗಲಿಲ್ಲ. ಜೊತೆಯ ಮರಿಗಳಲ್ಲಿ ಏನೂ ಇರಲಿಲ್ಲ.

ಮರಿ ನೋಡಿಕೊಳ್ಳುವ ಮರಳವಾಡಿಯ ಹೆಂಗಸನ್ನು ಮ್ಯಾನೇಜರ್ ಕರೆಸಿದರು. ಅವಳು ಮನೆಯಲ್ಲಿ ಹಸು ಕಟ್ಟಿಕೊಂಡವಳು.

"ಅದು ಸೊರಗೋಗಿತ್ತು ಸಾ. ಒಸಿ ಗಿಣ್ಣು ಕುಡಿಸ್ದೆ."

"ಏನು ಕುಡಿಸಿದೆ?"

"ಗಿಣ್ಣಾಲು. ಅದ್ರವ್ವಂದೇಯ. ಹಿಂಡ್ಕೊಂಡು ಬಾಟ್ಲಿಗೆ ಹಾಕ್ದೆ. ಗಿಣ್ಣು ಕುಡೀದ ಕರ ಉಳ್ದದ್ದ ನಾ ಕಾಣೆ."

"ಇದು ಕರ ಅಲ್ಲಮ್ಮ, ಹಂದಿ!"

"ಹಂದಿ ಆದ್ರೇನ್ ಸಾ, ಅದ್ಕೂ ಅವ್ವ ಇಲ್ವಾ?"

"ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದವರೇ ನನ್ನ ಕಡೆ ತಿರುಗಿದರು. "ಸಿಸ್ಟರ್, ಸ್ಯಾಂಪಲ್ ಕೆಟ್ಟಿತ್ತು ಅಂತ ಬರೆದುಬಿಡಿ. ಆ ಮರಿಯನ್ನ ಮುಗಿಸೋಣ."

"ಬರೆಯಲ್ಲ."

"ಯಾಕೆ?"

"ಹಂದಿಮರಿಗೆ ಪ್ರತಿಕಾಯ ತಾಯಿಯ ಹೊಟ್ಟೆಯಲ್ಲಿದ್ದಾಗ ಬರಲ್ಲ, ಗಿಣ್ಣಿನಲ್ಲೇ ಬರೋದು. ಅಂದರೆ ಇದು ತಾಯಿಯದು. ಆ ತಾಯಿಗೆ ಸೋಂಕಿಲ್ಲ ಅಂದವರು ನೀವು."

"ಅದರ ಟೆಸ್ಟ್ ನೆಗೆಟಿವ್ ಇತ್ತಲ್ಲ!"

"ನೀವು ವೈರಸ್ಸನ್ನೇ ಹುಡುಕಿದಿರಿ. ಮೈಯೊಳಗೆ ಅಡಗಿ ಕೂತಿದ್ದರೆ ಅದು ಸಿಗಲ್ಲ. ತಾಯಿ ಹಂದಿಗಳ ಪ್ರತಿಕಾಯ ನೋಡೋಣ ಅಂತ ನಾನು ಕೇಳಿದಾಗ ಬೇಡ ಅಂದಿರಿ. ಈಗಲಾದರೂ ಅದನ್ನು ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಇವಳು ಇಲ್ಲೇ ಇರ್ತಾಳೆ. ಕಳಿಸಿದರೆ ನಾನೂ ಹೊರಟೆ. ಯಾಕೆ ಹೊರಟೆ ಅಂತ ಮೇಲಿನವರಿಗೆ ಹೇಳಿಯೇ ಹೋಗ್ತೀನಿ."

ಅವರು ಒಪ್ಪಿದ್ದು ನನ್ನ ವಾದಕ್ಕಲ್ಲ, ಕೊನೆಯ ಮಾತಿಗೆ. ಇರಲಿ. ಮಾರನೆಯ ಬೆಳಿಗ್ಗೆ ತಾಯಿ ಹಂದಿಯ ರಕ್ತ ತೆಗೆದೆ. ಅದರಲ್ಲಿ ಪ್ರತಿಕಾಯ ತುಂಬಿತ್ತು. ಆ ತಾಯಿಯನ್ನೂ ಮರಿಗಳನ್ನೂ ಅಂಗಾಂಗದ ಯೋಜನೆಯಿಂದ ಹೊರಗಿಟ್ಟರು. ಉಳಿದ ತಾಯಿ ಹಂದಿಗಳಿಗೂ ಅದೇ ಪರೀಕ್ಷೆ ಆಗಬೇಕೆಂದು ಮ್ಯಾನೇಜರೇ ಆದೇಶ ಹೊರಡಿಸಿದರು, ತಮಗೇ ಹೊಳೆದ ಹಾಗೆ. ಗಿಣ್ಣಿನ ಹೆಂಗಸನ್ನು ತೆಗೆಯುವ ಮಾತು ಮತ್ತೆ ಬರಲಿಲ್ಲ.

ಅವಳನ್ನು ನಾನೇನೂ ಸುಮ್ಮನೆ ಬಿಡಲಿಲ್ಲ.

"ನೀನು ಮಾಡಿದ್ದು ತಪ್ಪು."

"ಊಂ ಸಿಸ್ಟ್ರಮ್ಮ, ತಪ್ಪೇಯ. ಆದ್ರೆ ಮರಿ ಎಂಗ್ ನೆಗೀತಾ ಐತೆ ನೋಡಿ!"

"ಮಾತು ಸಾಕು. ಮೊದಲು ಕೈ ತೊಳಿ" ಎಂದೆ.