ಕಲ್ಲಿನ ಮೇಲೆ ಕೆಂಪು ಹೆಸರು

ಕುರೊಕಾಮಿ ಊರಿನ ಫುಸಾಯೊ ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮುಂಚೆ ಟಿ.ವಿ. ಹಾಕಿ, ಬೂದಿ ಉಗುಳುವ ಜ್ವಾಲಾಮುಖಿ ಬೆಟ್ಟದ ಮೇಲೆ ಗಾಳಿ ಎತ್ತ ತಿರುಗಿದೆ ಎಂದು ನೋಡುತ್ತಾಳೆ. ಊರ ಕಡೆಗಿದ್ದರೆ ಬಟ್ಟೆ ಒಳಗೆ, ಒಣಹಾಕಿದ ಮೂಲಂಗಿ ಒಳಗೆ, ನೀರಿನ ತೊಟ್ಟಿಗೆ ಮುಚ್ಚಳ. ಆಮೇಲೆ ಪೊರಕೆ ಹಿಡಿದು ಗಂಡನ ಸಮಾಧಿಗೆ. ಬೂದಿ ಬೀಳದಿರಲೆಂದು ಅಲ್ಲಿ ಸತ್ತವರಿಗೂ ತಗಡಿನ ಸೂರಿದೆ. ಸೂರಿನ ಮೇಲಿನ ಬೂದಿಯನ್ನು ಮಳೆಗೆ ಮುಂಚೆಯೇ ಗುಡಿಸಬೇಕು. ನೆನೆಯಿತೋ, ಸಿಮೆಂಟಿನಂತೆ ಕೂತು ತಗಡನ್ನೇ ಬಗ್ಗಿಸಿಬಿಡುತ್ತದೆ.

ಗಂಡ ಕುನಿಹಿರೊ ತೀರಿಕೊಂಡು ಹನ್ನೊಂದು ವರ್ಷ. ಒಂದು ದಿನವೂ ಹೂ ತಪ್ಪಿಸಿದವಳಲ್ಲ. ಅಂಥವಳ ಮುಂದೆ ಮೈದುನ ತೆತ್ಸುರೊ ಕಾಗದ ಹಿಡಿದು ಕೂತಿದ್ದ. ಕೊಲ್ಲಿಯಾಚೆ ನಗರದ ಬುದ್ಧಮಂದಿರದಲ್ಲಿ ಅಣ್ಣನ ಅಸ್ಥಿಗೆ ಒಂದು ಗೂಡು ಗೊತ್ತುಮಾಡಿದ್ದಾನಂತೆ. ಮನೆತನದವರೆಲ್ಲ ಒಪ್ಪಿಯಾಗಿತ್ತು, ಉಳಿದಿದ್ದು ಅವಳ ಸಹಿಯೊಂದೇ.

"ಹಟ ಬಿಡಿ ಅತ್ತಿಗೆ. ಇನ್ನೆಷ್ಟು ದಿನ ಅಂತ ಬೂದಿ ಬಾಚ್ತೀರಿ? ಅಲ್ಲಿ ಎಲ್ಲಾ ಕಟ್ಟಡದೊಳಗೇ. ಗುಡಿಸೋ ಗೋಳೇ ಇಲ್ಲ."

"ನಿಮ್ಮಣ್ಣ ಬದುಕಿದ್ದಾಗಲೇ ಮನೆಯೊಳಗೆ ಕೂರ್ತಿರಲಿಲ್ಲ. ಈಗ ಬೀರುವಿನೊಳಗೆ ಕೂರ್ತಾರಾ?"

"ಬೆಟ್ಟ ಒಂದಿನ ಎಲ್ಲಾ ಮುಚ್ಚಿಹಾಕುತ್ತೆ ನೋಡಿ."

"ನಿಮ್ಮ ಮುತ್ತಜ್ಜನ ಕಾಲದಲ್ಲೂ ಮುಚ್ಚಿತ್ತು. ಓಡಿಹೋದವರು ವಾಪಸ್ ಬಂದು ಅದೇ ಬೂದಿ ಮೇಲೆ ಕಿತ್ತಳೆ ನೆಟ್ರು. ಅವರ ಮರಿಮಗನಿಗೆ ಈಗ ಸೂಟು ಗಲೀಜಾಗೋ ಚಿಂತೆ."

ಅಷ್ಟರಲ್ಲಿ ಬೆಟ್ಟ ಗುಡುಗಿತು, ಕಿಟಕಿಯ ಗಾಜು ಅದುರಿತು. ಫುಸಾಯೊ ಕ್ಯಾರೇ ಅನ್ನಲಿಲ್ಲ. ಬೆಟ್ಟಕ್ಕೆ ಅವಳು ಎಂದೂ ಹೆದರಿದವಳಲ್ಲ; ಹೆದರಿದ್ದು ಆ ಕಾಗದಕ್ಕೆ. ಗಂಡನನ್ನು ಎಬ್ಬಿಸಿಕೊಂಡು ಹೋದರೆ ತನಗೆ ಈ ಊರಲ್ಲಿ ಯಾರಿದ್ದಾರೆ?

"ಸಹಿ ಆಮೇಲೆ. ಮಧ್ಯಾಹ್ನ ಮಳೆಯಂತೆ, ಬಾ," ಎಂದು ಅವನ ಕೈಗೊಂದು ಪೊರಕೆ ಕೊಟ್ಟಳು.

ದಾರಿಯುದ್ದಕ್ಕೂ ಬೂದಿ ಸುರಿಯುತ್ತಿತ್ತು. ತೆತ್ಸುರೊ ಕೆಮ್ಮುತ್ತಾ, ಗೊಣಗುತ್ತಾ ಏಣಿ ಹತ್ತಿ ಸೂರು ಗುಡಿಸಿದ. ಬೆವರೊರೆಸುತ್ತಾ ಕೆಳಗಿಳಿದವನು ಸಮಾಧಿಯ ಕಲ್ಲನ್ನು ನೋಡಿ ಹಾಗೇ ನಿಂತುಬಿಟ್ಟ. ಅಣ್ಣನ ಹೆಸರಿನ ಪಕ್ಕದಲ್ಲೇ ಹೊಸದಾಗಿ ಕೆತ್ತಿ, ಕೆಂಪು ಬಣ್ಣ ತುಂಬಿದ ಇನ್ನೊಂದು ಹೆಸರಿತ್ತು: ಫುಸಾಯೊ. ಬದುಕಿರುವವರ ಹೆಸರಿಗೆ ಮಾತ್ರ ಆ ಕೆಂಪು. ಸತ್ತ ಮೇಲೆ ಆ ಬಣ್ಣವನ್ನಷ್ಟೇ ಅಳಿಸುತ್ತಾರೆ.

"ಯಾವಾಗ ಕೆತ್ತಿಸಿದ್ರಿ?"

"ಗೂಡು ಗೊತ್ತುಮಾಡಿದೀನಿ ಅಂತ ನಿನ್ನ ಫೋನು ಬಂತಲ್ಲ, ಅದರ ಮಾರನೇ ದಿನ."

ತೆತ್ಸುರೊ ಆ ಕೆಂಪು ಅಕ್ಷರಗಳ ಮೇಲೆ ಕೂತ ಬೂದಿಯನ್ನು ಬೆರಳಿನಿಂದ ಒರೆಸಿದ.

"ನಾನು ಹೋದ್ಮೇಲೆ ಆ ಕೆಂಪು ಅಳಿಸೋಕೆ ನೀನೇ ಬಾ. ಅಲ್ಲೀವರೆಗೆ ಇವರನ್ನ ಮುಟ್ಟಬೇಡ." ಫುಸಾಯೊ ಹಳೇ ಹೂ ತೆಗೆದು ಹೊಸದನ್ನು ಇಟ್ಟಳು. ಆಮೇಲೆ ತಲೆಯೆತ್ತಿ ಸೂರನ್ನು ನೋಡಿದಳು. "ಆ ಮೂಲೇಲಿ ಇನ್ನೂ ಬೂದಿ ಬಿಟ್ಟಿದ್ದೀಯ. ಹತ್ತು."

ತೆತ್ಸುರೊ ಕಾಗದವನ್ನು ಮಡಚಿ ಜೇಬಿಗೆ ತುರುಕಿಕೊಂಡು ಮತ್ತೆ ಏಣಿ ಹತ್ತಿದ.