ಅಕ್ಕನ ಬುತ್ತಿಯ ಜೋಳ

ನಾನು ಚಿಕ್ಕವಳಿದ್ದಾಗ ಕೂತಲ್ಲಿ ಕೂರುವ ಜಾಯಮಾನವೇ ನನ್ನದಾಗಿರಲಿಲ್ಲ. "ಇವಳ ಕಾಲಿಗೆ ಯಾರು ಚಕ್ರ ಕಟ್ಟಿದ್ರೋ" ಎಂದು ಅವ್ವ ಬೈಯುತ್ತಿದ್ದಳು. ನಗಬೇಡಿ ಮಕ್ಕಳೇ, ಈಗ ಮಂಡಿ ನೋವೆಂದು ಕುಳಿತಿದ್ದೇನೆ, ಅಷ್ಟೇ. ಜಗಳೂರಿನ ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಓಣಿಯಲ್ಲಿ ನಾನು ಹೊಕ್ಕು ಬರದ ಅಂಗಡಿಯೇ ಇರಲಿಲ್ಲ. ಪಂಕ್ಚರ್ ಅಂಟಿನ ವಾಸನೆಯ ಸೈಕಲ್ ಶಾಪು, ಬೆಳಿಗ್ಗೆಯೇ ಮಿರ್ಚಿ ಕರಿಯುವ ಹೋಟೆಲು, ದಿನವಿಡೀ ರೇಡಿಯೋ ಹಾಡುವ ಕ್ಷೌರದಂಗಡಿ. ಇವನ್ನು ದಾಟಿ ಕೊನೆಗೆ ಹೋದರೆ ಹಿಟ್ಟಿನ ಗಿರಣಿ. ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಸೇರಿ ಹರಟುತ್ತಿದ್ದ ಜಾಗ ಅದು.

ಗಿರಣಿಗೊಂದು ಕಟ್ಟುಪಾಡಿತ್ತು. ಜೋಳದ ಹಿಂದೆ ಜೋಳ, ಗೋಧಿಯ ಹಿಂದೆ ಗೋಧಿ ಬೀಸಬೇಕು. ಒಣಮೆಣಸಿನಕಾಯಿ ಮಾತ್ರ ಸಂಜೆ, ಎಲ್ಲರ ಹಿಟ್ಟೂ ಮುಗಿದ ಮೇಲೆ. ಮರುದಿನ ಗಿರಣಿಯ ಅಣ್ಣ ಒಂದಿಷ್ಟು ಹೊಟ್ಟು ಸುರಿದು ಬೀಸಿ, ಕಲ್ಲಿಗೆ ಹತ್ತಿದ ಖಾರ ಬಿಡಿಸಿದ ಮೇಲೆಯೇ ನಮ್ಮ ಕಾಳಿನ ಸರದಿ.

ಅಕ್ಕನಿಗೆ ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ನಾನೀಗ ಹೇಳುವ ದಿನವೇ ಹೋಗಿ ಸೇರಬೇಕು, ತಪ್ಪಿದರೆ ಸೀಟು ಬೇರೆಯವರ ಪಾಲು. ಹಾಸ್ಟೆಲಿನಲ್ಲಿ ಅಡುಗೆ ಶುರುವಾಗುವುದು ಮುಂದಿನ ವಾರ. ಅಲ್ಲಿಯವರೆಗೆ ರೊಟ್ಟಿ ಬುತ್ತಿಯೇ ಗತಿ. ಹೆಣ್ಣುಮಗಳನ್ನು ಊರು ಬಿಡಿಸಲು ಅಪ್ಪನಿಗೆ ಮೊದಲೇ ಮನಸ್ಸಿರಲಿಲ್ಲ. "ಬುತ್ತಿ ಇಲ್ದೆ ಕಳ್ಸಾಕೆ ಆಗಲ್ಲ" ಎಂದುಬಿಟ್ಟಿದ್ದರು.

ಬೆಳಕು ಹರಿಯುತ್ತಲೇ ನಾನು ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದೆ. ಹಿಂದಿನ ಸಂಜೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಸಂತೆಯಲ್ಲಿ ಖಾರದ ಪುಡಿ ಮಾರುವ ಅಜ್ಜಿಯ ಮೆಣಸಿನಕಾಯಿ ಅರ್ಧ ಬೀಸಿ, ಅರ್ಧ ಕಲ್ಲಿನೊಳಗೇ ಉಳಿದಿತ್ತು. ಬುಟ್ಟಿ, ಡಬ್ಬಿಗಳ ಸಾಲು ಬೀದಿಯವರೆಗೆ ಬಂದಿತ್ತು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಿರಣಿಯ ಬಾಗಿಲ ಮೇಲಿನ ಬಲ್ಬು ನೋಡುವುದು, ಮನೆಗೆ ಓಡುವುದು, ಮತ್ತೆ ಬಂದು ಬಲ್ಬು ನೋಡುವುದು. ಮನೆಯಲ್ಲಿ ಅವ್ವ ಬೀಸುಕಲ್ಲಿನ ಮುಂದೆ ಕುಳಿತಿದ್ದಳು. ನಾಲ್ಕು ರೊಟ್ಟಿಯ ಹಿಟ್ಟಾಗುವಷ್ಟರಲ್ಲಿ ಅವಳ ರಟ್ಟೆ ಬಿದ್ದುಹೋಗಿತ್ತು. ಅಕ್ಕ ಟ್ರಂಕಿಗೆ ಬೀಗ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು. ನಾನು ದಾಟಿದಾಗಲೆಲ್ಲ ಕ್ಷೌರದಂಗಡಿಯ ಮಾವ ಕತ್ತರಿ ನಿಲ್ಲಿಸಿ ಕೇಳುತ್ತಿದ್ದರು: "ಬಂತೇನವ್ವಾ?" ಇಲ್ಲವೆಂದು ತಲೆ ಅಲ್ಲಾಡಿಸಿ ಓಡುತ್ತಿದ್ದೆ.

ಸೂರ್ಯ ನೆತ್ತಿಗೆ ಬಂದ. ಚಿತ್ರದುರ್ಗದ ಬಸ್ಸಿಗೆ ಉಳಿದಿದ್ದು ಎರಡೇ ಗಂಟೆ. ಅಪ್ಪ ಗಿರಣಿಗೇ ಬಂದು, "ಬುಟ್ಟಿ ತಗೊಂಡು ನಡಿ. ಹೊರಡೋ ದಿನವೇ ಹಿಂಗಾದ್ರೆ, ಹೋಗದು ಬ್ಯಾಡ ಅಂತ ಲೆಕ್ಕ" ಎಂದರು. ನಾನು ಬುಟ್ಟಿ ಗಟ್ಟಿಯಾಗಿ ಹಿಡಿದುಕೊಂಡು ಕೂತುಬಿಟ್ಟೆ.

ಅಷ್ಟರಲ್ಲಿ ಬಲ್ಬು ಹತ್ತಿತು. ಬೆಲ್ಟು ತಿರುಗಿ ಯಂತ್ರ ಗುಡುಗಿತು. ಅಜ್ಜಿಯ ಮೆಣಸಿನಕಾಯಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ಸೀನೋ ಸೀನು. ಆಮೇಲೆ ನೋಡಿದರೆ ಖಾರ ಬಿಡಿಸಲು ಗಿರಣಿಯಲ್ಲಿ ಹೊಟ್ಟು ಇಲ್ಲವೇ ಇಲ್ಲ! ಬೆಳಗಿನಿಂದ ನಾ ಮುಂದು, ತಾ ಮುಂದು ಎನ್ನುತ್ತಿದ್ದವರೆಲ್ಲ ಈಗ "ನೀವು ಹಾಕ್ರಿ, ನೀವು ಹಾಕ್ರಿ" ಎಂದು ಹಿಂದೆ ಸರಿದರು.

"ನಂದೇ ಹಾಕಣ್ಣಾ, ಖಾರ ಆದ್ರೂ ಆಗ್ಲಿ" ಎಂದು ನಾನು ಬುಟ್ಟಿ ಎತ್ತಿದೆ.

ಅಜ್ಜಿ ನನ್ನ ಕೈ ಹಿಡಿದಳು. "ಏ ಹುಚ್ಚಿ, ಮೇಷ್ಟ್ರಾಗಾಕೆ ಹೊಂಟಿರೋ ಹುಡುಗಿ ಬೆಂಕಿ ರೊಟ್ಟಿ ಹೆಂಗೆ ತಿಂತಾಳೆ? ಇದು ನನ್ನ ಖಾರ, ನಾನೇ ಬಿಡಿಸ್ತೀನಿ." ಬೀಸಿಸಲು ತಂದಿದ್ದ ತನ್ನ ಚೀಲ ಬಿಚ್ಚಿ ಒಂದು ಬೊಗಸೆ ಜೋಳ ಯಂತ್ರದ ಬಾಯಿಗೆ ಸುರಿದಳು. ಅವಳ ಹಿಂದಿದ್ದವಳೂ ಒಂದು ಬೊಗಸೆ ಹಾಕಿದಳು. ಸೈಕಲ್ ಶಾಪಿನ ಅಣ್ಣ ಗೋಧಿ, ಹೋಟೆಲಿನವರು ಅಕ್ಕಿ. ಯಾರದು ಯಾವ ಕಾಳು ಎಂದು ಆ ಹೊತ್ತು ಯಾರೂ ನೋಡಲಿಲ್ಲ. ಕೆಂಪನೆಯ ಹಿಟ್ಟು ಬಂತು, ತಿಳಿಗೆಂಪಾಯಿತು, ಕೊನೆಗೆ ಬೆಳ್ಳಗಾಯಿತು. ಗಿರಣಿಯ ಅಣ್ಣ ನಾಲಿಗೆಗೆ ಹಚ್ಚಿ ನೋಡಿ, "ಈಗ ಐತೆ ನೋಡು ಸರಿಯಾಗಿ. ಹಾಕವ್ವಾ ನಿಂದು" ಎಂದ. ಸಾಲಿನಲ್ಲಿ ನನಗಿಂತ ಮುಂದಿದ್ದವರು ತಮ್ಮ ಬುಟ್ಟಿ ಸರಿಸಿ ನನಗೆ ದಾರಿ ಬಿಟ್ಟರು.

ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಹಿಟ್ಟು ತುಂಬಿದ ಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಟವೆಲ್ ಸುತ್ತಿ, ಬಿಸಿಬಿಸಿ ಬುಟ್ಟಿಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು ಹೊರಟರು. ನಮ್ಮ ಓಣಿಯಲ್ಲಿ ಗಂಡಸರು ಹಿಟ್ಟಿನ ಬುಟ್ಟಿ ಹೊರುತ್ತಿರಲಿಲ್ಲ. ಅವರ ಹಿಂದೆ ನಾನು ಕುಣಿಯುತ್ತಾ ಓಡಿದೆ. ಕೊನೆಯ ರೊಟ್ಟಿ ಹಂಚಿನಿಂದ ನೇರವಾಗಿ ಅಕ್ಕನ ಬುತ್ತಿ ಗಂಟಿಗೆ ಹೋಯಿತು. ಬಸ್ಸೂ ಸಿಕ್ಕಿತು.

ನಿಮ್ಮ ಮನೆಗೆ ಹಿಟ್ಟು ಪೊಟ್ಟಣದಲ್ಲಿ ಬರುತ್ತದೆ. ಮೊಬೈಲ್ ಒತ್ತಿ ತರಿಸಿದ್ದು ಹತ್ತು ನಿಮಿಷ ತಡವಾದರೆ ಬಾಗಿಲಿಗೂ ಕಿಟಕಿಗೂ ಓಡಾಡುತ್ತೀರಿ. ಆ ಚಡಪಡಿಕೆ ನನ್ನಿಂದಲೇ ಬಂದದ್ದು, ಬೈಯಲು ನನಗೆ ಬಾಯಿಲ್ಲ. ಆದರೆ ತಂದುಕೊಟ್ಟ ಹುಡುಗನ ಮುಖವನ್ನೂ ನೋಡದೆ ನೀವು ಬಾಗಿಲು ಹಾಕಿಕೊಂಡಾಗ ನನಗೆ ಸಂಕಟವಾಗುತ್ತದೆ. ಅಂದು ನಾನು ಕಾಯುತ್ತಿದ್ದಾಗ ಓಣಿಯೇ ನನ್ನ ಜೊತೆ ಕಾಯುತ್ತಿತ್ತು. ನೀವು ಪಾಪ, ಒಬ್ಬೊಬ್ಬರೇ ಕಾಯುತ್ತೀರಿ.